ಊಟವಾದ ಮೇಲಿನ ಝುಯ್

ಯಜಮಾನರು ನನ್ನ ಕೈಗೆ ಚಿನ್ನದ ರೇಕು ಕೊಟ್ಟ ದಿನವೇ ನನ್ನ ತಲೆಯೊಳಗೆ ಮೊದಲ ಸಲ ಝುಯ್ ಅಂದದ್ದು.

ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವ ಅಂಗಡಿ ನಮ್ಮದು. ನಮ್ಮದು ಅಂದರೆ ಯಜಮಾನರದು. ಆರು ವರ್ಷ ಅದೇ ಅಂಟಿನಲ್ಲಿ ಕೈ ಅದ್ದಿದ ಮೇಲೆ ನಾಲಿಗೆಗೂ ಅಂಟು ಹತ್ತುತ್ತದೆ, ‘ನಮ್ಮದು’ ಅಂತಲೇ ಬರುತ್ತದೆ. ಹರಿದು ಬಂದ ಪುಸ್ತಕವನ್ನು ಹೊಲಿಗೆ ಅಕ್ಕ ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ನಾನು ಅದರ ಬೆನ್ನಿಗೆ ಅಂಟು ಸವರಿ ರಟ್ಟು ಕೂರಿಸುತ್ತೇನೆ. ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಹೆಸರು ಒತ್ತುವ ಕೆಲಸ ಮಾತ್ರ ಯಜಮಾನರದು. ಹಿತ್ತಾಳೆಯ ಅಚ್ಚುಮೊಳೆಗಳನ್ನು ಸಾಲಾಗಿ ಜೋಡಿಸಿ, ಕಾಯಿಸಿ, ರೇಕಿನ ತೆಳು ಹಾಳೆಯ ಮೇಲಿಟ್ಟು ಒಂದೇ ಸಲ ಒತ್ತಬೇಕು. ಎರಡನೇ ಸಲ ಒತ್ತಿದರೆ ಅಕ್ಷರಕ್ಕೆ ನೆರಳು ಹುಟ್ಟಿಬಿಡುತ್ತದೆ.

ಮಕ್ಕಳ ಗ್ರಂಥಾಲಯವೊಂದರಿಂದ ಅರವತ್ತು ಕಥೆ ಪುಸ್ತಕಗಳು ಬಂದಿದ್ದವು. ಯಜಮಾನರು ಮೊದಲನೆಯದನ್ನು ಎತ್ತಿಕೊಂಡು, ತಮ್ಮ ಬಲಗೈಯನ್ನು ಒಂದು ಗಳಿಗೆ ನೋಡಿ, ಕೆಳಗಿಟ್ಟರು.

“ಈ ಕೈ ಇನ್ನು ಟೀ ಲೋಟ ಹಿಡಿಯೋಕೆ ಸರಿ. ಅದೂ ಅರ್ಧ ತುಂಬಿದ್ರೆ. ತಗೋಮ್ಮ, ನೀನು ಒತ್ತು,” ಅಂದರು.

ಹೊಲಿಗೆ ಅಕ್ಕನ ಸೂಜಿ ನಿಂತಿತು.

ಆ ದಿನ ಬೆಳಗ್ಗೆ ನಾಲ್ಕು ಬೆನ್ನು ಒತ್ತಿದೆ. ನಾಲ್ಕೂ ಮುತ್ತು. ಊಟ ಮುಗಿಸಿ ಐದನೆಯದನ್ನು ಹಿಡಿದು, ಅಕ್ಷರಗಳ ಸಾಲು ಸರಿಯಿದೆಯೇ ಎಂದು ಎಡದಿಂದ ಬಲಕ್ಕೆ ಕಣ್ಣು ಹೊರಳಿಸಿದೆ. ಝುಯ್. ನೋವಲ್ಲ, ತಲೆಸುತ್ತೂ ಅಲ್ಲ. ಮೆಟ್ಟಿಲು ಮುಗಿಯಿತು ಎಂದುಕೊಂಡು ಇಟ್ಟ ಕಾಲಿನ ಕೆಳಗೆ ಇನ್ನೂ ಒಂದು ಮೆಟ್ಟಿಲು ಇದ್ದರೆ ಹೇಗೋ ಹಾಗೆ; ಆದರೆ ಜಾರಿದ್ದು ಕಾಲಲ್ಲ, ಮಿದುಳು. ಅದರ ಹಿಂದೆಯೇ ಉಣ್ಣೆಯ ಅಂಗಿ ತಲೆಯ ಮೇಲಿಂದ ಎಳೆದಾಗ ಚಿಟಪಟ ಅನ್ನುತ್ತದಲ್ಲ, ಆ ಸದ್ದು. ಅರೆ ಕ್ಷಣ. ಅಷ್ಟರಲ್ಲಿ ನನ್ನ ಕೈ ಒತ್ತಿಯಾಗಿತ್ತು. ಹೆಸರು ಪೂರಾ ಕುಡಿದವನ ಹಾಗೆ ವಾಲಿತ್ತು.

“ಇರಲಿ ಬಿಡು,” ಅಂದರು ಯಜಮಾನರು. “ಮಕ್ಕಳು ತಲೆ ಓರೆ ಮಾಡಿಕೊಂಡೇ ಓದ್ತಾರೆ.”

ಮಾರನೆಯ ದಿನವೂ ಹಾಗೇ. ಬೆಳಗ್ಗೆ ಮುತ್ತು, ಊಟವಾದ ಮೇಲೆ ಝುಯ್. ಮೂರನೆಯ ದಿನ ಮೂರು ಬೆನ್ನು ಕೆಟ್ಟವು. ಯಜಮಾನರು ಈ ಸಲ ತಮಾಷೆ ಮಾಡಲಿಲ್ಲ. “ಸೋಮವಾರದವರೆಗೆ ನೋಡೋಣ. ಆಗದಿದ್ರೆ ಮೆಷಿನ್ ಅಂಗಡಿಗೆ ಕಳಿಸ್ತೀನಿ. ಮನಸ್ಸಿಗೆ ಹಚ್ಕೋಬೇಡ,” ಅಂದರು. ಹಚ್ಚಿಕೊಳ್ಳದೆ ಇರುವುದು ಹೇಗೆ?

ಅದಕ್ಕೆ ಮುಂಚೆ ಎಂಟು ತಿಂಗಳು ನಾನು ಮಲಗಿಬಿಟ್ಟಿದ್ದೆ. ಜ್ವರವಲ್ಲ, ಮೂಳೆ ಮುರಿದದ್ದಲ್ಲ. ಹಲ್ಲುಜ್ಜುವುದೂ ಬೆಟ್ಟ ಹತ್ತಿದಂತೆ ಅನ್ನಿಸುವ ಕಾಯಿಲೆ. ಅಮ್ಮ ದೂರದೂರಿನ ಬಸ್ಸು ಓಡಿಸುವವಳು, ವಾರಕ್ಕೆ ಎರಡು ದಿನ ಮನೆ. ಉಳಿದ ಐದು ದಿನ ನನ್ನನ್ನು ಕಾದವಳು ಅಜ್ಜಿ. ಆಮೇಲೆ ಡಾಕ್ಟರಮ್ಮ ಮಾತ್ರೆ ಕೊಟ್ಟರು. ತಿಂಗಳಾದ ಮೇಲೆ ಒಂದು ಬೆಳಗ್ಗೆ ಪಕ್ಕದ ಮನೆಯವರು ಈರುಳ್ಳಿ ಹುರಿಯುವ ವಾಸನೆ ಕಿಟಕಿಯಿಂದ ಬಂತು. “ಅಜ್ಜಿ, ಹಸಿವಾಗ್ತಿದೆ,” ಅಂದೆ. ಅವಳು ಕೈಯಲ್ಲಿದ್ದ ಸೌಟನ್ನೂ ಮರೆತು ನನ್ನನ್ನು ತಬ್ಬಿಕೊಂಡಳು. ನನ್ನ ಬೆನ್ನೆಲ್ಲ ಗಂಜಿ.

ಹಾಗೆ ವಾಪಸ್ಸು ಬಂದವಳು ನಾನು. ಈಗ ಆ ಮಾತ್ರೆಯೇ ತಲೆಯೊಳಗೆ ಕುಳಿತು ಚಿನ್ನದ ಕೆಲಸ ಕಿತ್ತುಕೊಳ್ಳುತ್ತಿದೆ ಅನ್ನಿಸಿತು.

“ಬಿಟ್ಟುಬಿಡೇ ಆ ಮಾತ್ರೆನ,” ಅಂದಳು ಹೊಲಿಗೆ ಅಕ್ಕ, ದಾರಕ್ಕೆ ಮೇಣ ಉಜ್ಜುತ್ತ. “ಈಗ ಚೆನ್ನಾಗೇ ಇದೀಯಲ್ಲ. ನಿನ್ನೆ ನನ್ನ ಕತ್ತರಿ ಬಚ್ಚಿಟ್ಟು ನಕ್ಕೋಳು ನೀನೇ ತಾನೆ? ದುಃಖ ಇರೋರು ಕತ್ತರಿ ಬಚ್ಚಿಡ್ತಾರಾ?”

ಬಿಟ್ಟರೆ ಮತ್ತೆ ಆ ಹಾಸಿಗೆ ಕರೆದರೆ? ಬಿಡದಿದ್ದರೆ ಈ ಝುಯ್. ಅತ್ತ ದರಿ, ಇತ್ತ ಪುಲಿ. ಇಡೀ ಸಂಜೆ ಯೋಚಿಸಿ, ಪುಲಿಗಿಂತ ದರಿಯೇ ವಾಸಿ, ಮಾತ್ರೆ ಬಿಟ್ಟೇಬಿಡೋಣ ಅಂತ ತೀರ್ಮಾನಿಸಿದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಇಪ್ಪತ್ತಾರು ವರ್ಷ, ಮಾತ್ರೆ ನುಂಗಲು ಬರುವುದಿಲ್ಲ. ಎಷ್ಟು ನೀರು ಕುಡಿದರೂ ನೀರು ಒಳಗೆ ಹೋಗುತ್ತದೆ, ಮಾತ್ರೆ ಮಾತ್ರ ಮುನಿಸಿಕೊಂಡ ನೆಂಟನ ಹಾಗೆ ನಾಲಿಗೆಯ ಮೇಲೆಯೇ ಕೂತಿರುತ್ತದೆ. ನಾನು ಮೂರು ವರ್ಷದವಳಿದ್ದಾಗಿನಿಂದ ಅಜ್ಜಿ ಮಾತ್ರೆಯನ್ನು ಪುಡಿಮಾಡಿ, ಜೇನಿನಲ್ಲಿ ಕಲಸಿ, ಚಮಚದಲ್ಲಿ ತಿನ್ನಿಸುತ್ತ ಬಂದಿದ್ದಾಳೆ. ಜೊತೆಗೊಂದು ಕಥೆ. ಡಾಕ್ಟರಮ್ಮನಿಗೆ ಇದು ಗೊತ್ತಿರಲಿಲ್ಲ. ಬದುಕೇ ಬೇಡ ಅನ್ನಿಸುತ್ತದೆ ಎಂದು ಅವರ ಮುಂದೆ ಹೇಳಿದ್ದೆ. ಅಜ್ಜಿ ಚಮಚದಲ್ಲಿ ತಿನ್ನಿಸುತ್ತಾಳೆ ಎಂದು ಹೇಳಲು ನಾಚಿಕೆಯಾಗಿತ್ತು. ಚಿನ್ನದ ಕೆಲಸ ಸಿಗುವ ಹಿಂದಿನ ವಾರವಷ್ಟೇ ಅವರು ದಿನಕ್ಕೆರಡು ಸಣ್ಣ ಮಾತ್ರೆಯ ಬದಲು ಬೆಳಗ್ಗೆ ಒಂದೇ ದೊಡ್ಡದು ಬರೆದುಕೊಟ್ಟರು. ಇನ್ನೂ ಏನೋ ವಿವರಿಸಿದರು. ಆಗ ನಾನು ಕಿಟಕಿಯಾಚೆ ತಂತಿಗೆ ಸಿಕ್ಕಿಕೊಂಡಿದ್ದ ಒಂಟಿ ಕಾಲುಚೀಲವನ್ನು ನೋಡುತ್ತಿದ್ದೆ. ಅದರ ಜೋಡಿ ಇದನ್ನು ಹುಡುಕಿಕೊಂಡು ಊರೂರು ಅಲೆಯುತ್ತಿರಬಹುದೇ ಅಂತ ಯೋಚನೆ.

ಮಾರನೆಯ ಬೆಳಗ್ಗೆ ಅಜ್ಜಿ ಚಮಚ ಹಿಡಿದು ಬಂದಾಗ ಬಾಯಿ ತೆರೆಯಲಿಲ್ಲ. ಝುಯ್ ಬಗ್ಗೆ ಎಲ್ಲ ಹೇಳಿ, ಮಾತ್ರೆ ಬಿಡುತ್ತೇನೆ ಅಂದೆ. ಅವಳು ಗಾಬರಿಯಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು.

“ಒಂದು ದೊಡ್ಡ ಮನೆ ಇತ್ತಂತೆ,” ಅಂದಳು. “ಎಂಟು ತಿಂಗಳು ಬೀಗ. ಆಮೇಲೆ ಒಬ್ಬ ಹೊಸ ಆಳು ಬಂದ. ಯಾವ ಗುಂಡಿ ಒತ್ತಿದ್ರೆ ಯಾವ ದೀಪ ಹತ್ತುತ್ತೆ ಅಂತ ಪಾಪ ಅವನಿಗೇನು ಗೊತ್ತು? ಟಕ ಟಕ ಅಂತ ಎಲ್ಲಾ ಒತ್ತಿ ನೋಡ್ತಿದಾನೆ, ಅಷ್ಟೆ.”

“ಊಟ ಆದ್ಮೇಲೇ ಯಾಕೆ ಒತ್ತುತಾನೆ?”

ಅಜ್ಜಿ ಚಮಚ ಹಿಡಿದೇ ಎದ್ದಳು. “ಅದನ್ನ ಔಷಧಿ ಅಂಗಡಿಯವನನ್ನೇ ಕೇಳೋಣ ನಡಿ. ನನಗೂ ಅವನ ಹತ್ರ ಒಂದು ಜಗಳ ಇದೆ. ಬಿಡೋದಾದ್ರೆ ಕೇಳಿ ಬಿಡು. ಕೇಳದೆ ಬಿಟ್ರೆ ಈ ಚಮಚ ನಿನ್ನ ತಲೆ ಮೇಲೆ.”

ಔಷಧಿ ಅಂಗಡಿಯವನು ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡು ಡಬ್ಬಿ ಜೋಡಿಸುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕಟ್ಟೆಯ ಮೇಲೆ ಮಾತ್ರೆಯ ಹಾಳೆ ಇಟ್ಟಳು.

“ಏನಪ್ಪಾ, ಇದು ಮಾತ್ರೆಯೋ ಬೆಣಚು ಕಲ್ಲೋ? ಮುಂಚಿನದು ಎರಡೇಟಿಗೆ ಹಿಟ್ಟಾಗ್ತಿತ್ತು. ಇದನ್ನ ಕುಟ್ಟಿ ಕುಟ್ಟಿ ನನ್ನ ಮಣಿಕಟ್ಟು ಬಿದ್ದುಹೋಯ್ತು. ಮೆತ್ತಗಿರೋದು ಕೊಡು.”

ಅವನ ಕೈಯಲ್ಲಿದ್ದ ಡಬ್ಬಿ ಕೈಯಲ್ಲೇ ಉಳಿಯಿತು.

“ಅಜ್ಜಿ, ಇದನ್ನ ಕುಟ್ತೀರಾ?”

“ಕುಟ್ಟದೆ ಪೂಜೆ ಮಾಡಲಾ?”

“ಎಷ್ಟು ದಿನದಿಂದ?”

“ಕೊಟ್ಟ ದಿನದಿಂದ. ನುಣ್ಣಗೆ ಮಾಡ್ತೀನಪ್ಪ, ಒಂದು ಕಾಳು ಉಳಿಯಲ್ಲ,” ಅಂದಳು ಅಜ್ಜಿ, ಹೆಮ್ಮೆಯಿಂದ.

ಅವನು ಕಿವಿಯ ಹಿಂದಿನ ಪೆನ್ನು ತೆಗೆದು ಹಾಳೆಯ ಹಿಂಬದಿ ತೋರಿಸಿದ. ಪುಡಿ ಮಾಡಬಾರದು, ಇಡಿಯಾಗಿ ನುಂಗಬೇಕು ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ದಿನವಿಡೀ ಅಕ್ಷರಗಳ ಜೊತೆಯೇ ಬದುಕುವ ನಾನು ಅದನ್ನು ಓದಿರಲಿಲ್ಲ. ಊಟವಾದ ಮೇಲಿನ ಝುಯ್, ಮಾತ್ರೆ ಬಿಡುವ ಯೋಚನೆ ಎರಡನ್ನೂ ಅವನಿಗೆ ಹೇಳಿದೆ.

“ನೋಡಿ, ಇದು ಇಡೀ ದಿನ ಸ್ವಲ್ಪಸ್ವಲ್ಪವೇ ಕರಗೋ ಮಾತ್ರೆ,” ಅಂದ. “ನೀವು ಕುಟ್ಟಿದ್ರೆ ಎಲ್ಲಾ ಬೆಳಗ್ಗೆನೇ ರಕ್ತಕ್ಕೆ ಸೇರುತ್ತೆ. ಆಮೇಲೆ ಬೇಗ ಇಳಿದುಹೋಗುತ್ತೆ. ಊಟದ ಹೊತ್ತಿಗೆ ಇವರ ತಲೆಗೆ ಮಾತ್ರೆ ಸಾಲದೆ ಬಂದಿರುತ್ತೆ. ಈ ಜಾತಿ ಮಾತ್ರೆ ಕಮ್ಮಿ ಬಿದ್ರೆ ತಲೆಯಲ್ಲಿ ಕರೆಂಟು ಹೊಡೆದ ಹಾಗಾಗುತ್ತೆ ಅಂತ ತುಂಬಾ ಜನ ಹೇಳ್ತಾರೆ. ಕಣ್ಣು ಆಡಿಸಿದಾಗ ಆಗುತ್ತಾ?”

ನಾನು ತಲೆಯಾಡಿಸಿದೆ. ತುಂಬಾ ಜನ! ಈ ಝುಯ್ ಪ್ರಪಂಚದಲ್ಲಿ ನನಗೊಬ್ಬಳಿಗೇ ಅಂದುಕೊಂಡಿದ್ದೆ.

“ಮಾತ್ರೆ ಜಾಸ್ತಿಯಾಗಿ ಅಲ್ವಾ ಹಾಗಾದ್ರೆ?” ಅಂದೆ.

“ಇವತ್ತೇ ಪೂರ್ತಿ ಬಿಟ್ಟಿದ್ರೆ ಗೊತ್ತಾಗ್ತಿತ್ತು,” ಅಂದ ಅವನು. “ಇದರ ಹತ್ತರಷ್ಟು ಕುಣಿತಿತ್ತು.”

ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನು ಮಾಡಿದೆವು. ಅಜ್ಜಿ, ಚಮಚ, ಜೇನು ಎಲ್ಲ ಹೇಳಿದೆ. ಅವರು ನಗು ತಡೆದುಕೊಂಡರು ಅನ್ನಿಸುತ್ತದೆ. ಆಮೇಲೆ ಸ್ಪಷ್ಟವಾಗಿ ಹೇಳಿದರು: ನಿಲ್ಲಿಸಬಾರದು, ಕುಟ್ಟಬಾರದು, ಇಡಿಯಾಗಿ ನುಂಗಬೇಕು, ಝುಯ್ ಶಾಂತವಾಗಲು ಕೆಲವು ದಿನ ಬೇಕಾಗಬಹುದು, ನುಂಗಲಾಗದಿದ್ದರೆ ಬೇರೆ ಔಷಧಿ ನೋಡೋಣ, ಏನೇ ಆದರೂ ಶುಕ್ರವಾರ ಬಂದು ಕಾಣಬೇಕು. “ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?” ಅಂದರು.

“ಇಪ್ಪತ್ತಾರು ವರ್ಷ ನನಗೆ,” ಅಂದೆ.

“ನನಗೆ ಐವತ್ತೆರಡು. ಇಂಜೆಕ್ಷನ್ ಅಂದ್ರೆ ಇವತ್ತಿಗೂ ಕಣ್ಣು ಮುಚ್ಕೋತೀನಿ.”

ಮನೆಗೆ ಬರುವ ದಾರಿಯಲ್ಲಿ ಅಜ್ಜಿಯ ಮುಖ ಸಪ್ಪಗಾಗಿತ್ತು. “ನಾನೇ ನಿನ್ನ ತಲೆಗೆ ಕರೆಂಟು ಕೊಟ್ಟೆ,” ಅಂದಳು.

“ನೀನು ಕುಟ್ಟಿದ್ದಕ್ಕೇ, ಅಜ್ಜಿ, ಔಷಧಿ ಅಷ್ಟಾದರೂ ಒಳಗೆ ಹೋಗಿದ್ದು. ನನ್ನ ಕೈಗೇ ಬಿಟ್ಟಿದ್ರೆ ಮೊದಲ ಮಾತ್ರೇನೇ ಉಗುಳಿ ಮಲಗಿರ್ತಿದ್ದೆ.”

ಅವಳು ಎರಡು ಹೆಜ್ಜೆ ಯೋಚಿಸಿ, “ಅದೂ ನಿಜ,” ಅಂದಳು. ಮುಖ ತಕ್ಷಣ ಅರಳಿತು. ನಮ್ಮಜ್ಜಿಗೆ ಪಶ್ಚಾತ್ತಾಪ ಎರಡು ಹೆಜ್ಜೆಗಿಂತ ದೂರ ನಡೆಯುವುದಿಲ್ಲ.

ಅಡುಗೆಮನೆಯ ಮೇಜಿನ ಮುಂದೆ ಕೂತೆ. ಗದ್ದ ಎದೆಯ ಕಡೆ ಬಗ್ಗಿಸಿ ಗುಟುಕು ನೀರು ಎಳೆ ಅಂತ ಔಷಧಿ ಅಂಗಡಿಯವನು ಹೇಳಿಕೊಟ್ಟಿದ್ದ. ಮೊದಲ ಸಲ ನೀರು ಹೋಯಿತು, ಮಾತ್ರೆ ಉಳಿಯಿತು. ಎರಡನೇ ಸಲ ನೀರು ಮೂಗಿನಿಂದ ಬಂತು. ಮಾತ್ರೆಯ ಹೊರಪದರ ಕರಗತೊಡಗಿತ್ತು. ಅಂಗಡಿಗೆ ಹೊತ್ತಾಗುತ್ತಿತ್ತು. ಇವತ್ತು ಇದು ಒಳಗೆ ಇಡಿಯಾಗಿ ಹೋಗದಿದ್ದರೆ ಸೋಮವಾರದ ಹೊತ್ತಿಗೆ ಉಳಿದ ಪುಸ್ತಕಗಳೆಲ್ಲ ಮೆಷಿನ್ ಅಂಗಡಿಗೆ. ಅಜ್ಜಿ ಎದುರಿಗೆ ಕೂತು, ಏನೂ ಆಗಿಲ್ಲ ಎಂಬಂತೆ ಶುರು ಮಾಡಿದಳು.

“ಒಬ್ಬಳು ರಾಜಕುಮಾರಿ ಇದ್ದಳಂತೆ. ಅವಳ ಅರಮನೆಯಲ್ಲಿ ನೂರು ಬಾಗಿಲು. ನೂರನೇ ಬಾಗಿಲು ಮಾತ್ರ ಯಾರೂ ತೆಗೆಯೋ ಹಾಗಿಲ್ಲ. ಒಂದಿನ ಕಿವಿಗೊಟ್ಟು ಕೇಳ್ತಾಳೆ, ಒಳಗಡೆ ಯಾರೋ ನಗ್ತಿದಾರೆ. ಅವಳ ನಗುವೇ! ತಾನು ನಗ್ತಿಲ್ಲ, ಒಳಗಡೆ ತನ್ನ ನಗು. ಬೀಗದ ಕೈ ಹಾಕಿದಳು. ತಿರುಗಿಸಿದಳು. ಬಾಗಿಲು ಇಷ್ಟೇ ಇಷ್ಟು ತೆರೀತು. ಒಳಗೆ ನೋಡ್ತಾಳೆ…”

ಅಜ್ಜಿ ನಿಲ್ಲಿಸಿಬಿಟ್ಟಳು. ಕೈ ಕಟ್ಟಿ ಕೂತಳು.

ನನ್ನ ಬಾಯಿ ತುಂಬ ನೀರು, ನಡುವೆ ಮಾತ್ರೆ. ಕೇಳಬೇಕಾದರೆ ಬಾಯಿ ಖಾಲಿಯಾಗಬೇಕು. ಗದ್ದ ಬಗ್ಗಿಸಿ ಗುಟುಕ್ ಎಂದು ನುಂಗಿ, “ಒಳಗೆ ಏನಿತ್ತು?” ಅಂದೆ.

ಅಂದ ಮೇಲೆ ನಾಲಿಗೆ ಆಡಿಸಿ ನೋಡಿದೆ. ಮಾತ್ರೆ ಇರಲಿಲ್ಲ. ನಾಲಿಗೆಯ ಕೆಳಗೂ ಇರಲಿಲ್ಲ. ಅಜ್ಜಿ ಮೇಜಿನ ಮೇಲಿಂದ ಬಗ್ಗಿ ನನ್ನ ಬಾಯೊಳಗೆ ಇಣುಕಿದಳು, ಬಾವಿಗೆ ಬಿದ್ದ ಕೊಡ ಹುಡುಕುವವಳ ಹಾಗೆ.

“ಹೋಯ್ತು ಕಣೇ.”

“ಹೋಯ್ತು. ಒಳಗೆ ಏನಿತ್ತು ಹೇಳು.”

“ನನಗೇನು ಗೊತ್ತು? ನೀನು ನುಂಗ್ತೀಯ ಅಂತ ಯಾರು ಅಂದ್ಕೊಂಡಿದ್ರು? ಮುಂದಿಂದು ನಾನು ಕಟ್ಟೇ ಇಲ್ಲ.”

ನಾವಿಬ್ಬರೂ ನಕ್ಕ ನಗುವಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ಏನಾಯಿತು ಅಂತ ಕೇಳಿದರು. “ನಮ್ಮ ಹುಡುಗಿ ಮಾತ್ರೆ ನುಂಗಿದಳು,” ಅಂದಳು ಅಜ್ಜಿ. ಅವರು ಏನು ತಿಳಿದುಕೊಂಡರೋ, ಒಳ್ಳೆಯದಾಗಲಿ ಅಂದರು.

ಅಂಗಡಿಗೆ ಹೋದವಳೇ ಯಜಮಾನರಿಗೆ ಎಲ್ಲ ಹೇಳಿದೆ. ಮಾತ್ರೆ ಯಾವುದಕ್ಕೆ ಎಂಬುದನ್ನೂ. ಅವರಿಗೆ ಅದನ್ನು ಇದುವರೆಗೆ ‘ಆರೋಗ್ಯ ಸರಿಯಿರಲಿಲ್ಲ’ ಅಂತ ಮಾತ್ರ ಹೇಳಿದ್ದೆ. ಅವರು ಅಂಟಿನ ಡಬ್ಬಿ ಕಲಕುತ್ತ ಪೂರ್ತಿ ಕೇಳಿಸಿಕೊಂಡರು.

“ನನ್ನ ಕೈ ನಡುಗುತ್ತೆ, ನಿನ್ನ ತಲೆ ನಡುಗುತ್ತೆ. ಒಳ್ಳೇ ಅಂಗಡಿ ನಮ್ಮದು,” ಅಂದರು. “ಸರಿ, ಝುಯ್ ಹೋಗೋವರೆಗೆ ಬೆಳಗ್ಗೆ ಮಾತ್ರ ಒತ್ತು. ಊಟ ಆದ್ಮೇಲೆ ರಟ್ಟು ಕೂರಿಸು. ಗ್ರಂಥಾಲಯದವರಿಗೆ ನಾನು ಹೇಳ್ತೀನಿ, ವಾರ ತಡ ಅಂತ. ಮಕ್ಕಳು ಎಲ್ಲೂ ಓಡಿಹೋಗಲ್ಲ.”

“ಓಡಿಹೋಗೋರು ಅಂದ್ರೆ ಈ ಅಂಗಡೀಲಿರೋ ನಾವೇ,” ಅಂದಳು ಹೊಲಿಗೆ ಅಕ್ಕ. ಆಮೇಲೆ ನನ್ನ ಹತ್ತಿರ ಬಂದು, “ಬಿಟ್ಟುಬಿಡು ಅಂದಿದ್ದೆ. ತಪ್ಪಾಯ್ತು ಕಣೇ,” ಅಂತ ಮೆಲ್ಲಗೆ ಹೇಳಿ, ತನ್ನ ಕತ್ತರಿಯನ್ನು ಬಚ್ಚಿಟ್ಟುಕೋ ಎಂಬಂತೆ ನನ್ನ ಮುಂದಿಟ್ಟಳು.

ಮೊದಲ ವಾರ ಝುಯ್ ದಿನಕ್ಕೆ ನಾಲ್ಕೈದು ಸಲ ಬಂತು. ಆಮೇಲೆ ಎರಡು ಸಲ. ಬಂದಾಗ ಹೆದರಲಿಲ್ಲ. ಅದರ ಕಾರಣ ಗೊತ್ತಾದ ಮೇಲೆ ಅದು ಹಿತ್ತಿಲಲ್ಲಿ ಸದ್ದು ಮಾಡುವ ಪಕ್ಕದ ಮನೆ ಬೆಕ್ಕಿನಷ್ಟೇ. ಡಾಕ್ಟರಮ್ಮ ಶುಕ್ರವಾರ ನನ್ನನ್ನು ನೋಡಿ, ಸದ್ಯ ಇದನ್ನೇ ಮುಂದುವರಿಸೋಣ ಅಂದರು. ಆ ದಿನ ಅವರು ಹೇಳಿದ್ದೆಲ್ಲ ಬರೆದುಕೊಂಡೆ.

ಒಂದು ಬುಧವಾರ ಊಟ ಮುಗಿಸಿ ಬಂದು ನೋಡಿದರೆ, ಬೆಳಗ್ಗೆ ಒತ್ತಬೇಕಾಗಿದ್ದ ಒಂದು ಪುಸ್ತಕ ಹಾಗೇ ಉಳಿದಿತ್ತು. ಯಜಮಾನರು ಅದನ್ನು ನಾಳೆಗೆ ಎತ್ತಿಡಲು ಕೈ ಚಾಚಿದರು.

“ಇಲ್ಲಿ ಕೊಡಿ ಯಜಮಾನ್ರೇ,” ಅಂದೆ.

ಅವರು ನನ್ನ ಮುಖ ನೋಡಿದರು. ಪುಸ್ತಕ ಕೊಟ್ಟರು. ಮೊಳೆ ಕಾಯಿತು. ಸಾಲನ್ನು ಎಡದಿಂದ ಬಲಕ್ಕೆ ನೋಡಿದೆ, ಬಲದಿಂದ ಎಡಕ್ಕೂ ನೋಡಿದೆ, ಬೇಕೆಂದೇ ಇನ್ನೊಮ್ಮೆ ಬಾಗಿಲವರೆಗೆ ಕಣ್ಣು ಹರಿಸಿ ತಂದೆ. ಝುಯ್ ಇಲ್ಲ. ಒಂದೇ ಸಲ ಒತ್ತಿ, ಕೈ ಎತ್ತಿದೆ.

“ಇನ್ನೊಂದು ಕೊಡಿ,” ಅಂದೆ.