ಕಂಬಳಿ ಮಹಾಲಿಂಗಯ್ಯನ ಮಂಟಪವಾಸ

ಮಧುಗಿರಿಯಲ್ಲಿ ಬಸ್ಸಿಳಿಯುವಾಗಲೇ ಮಹಾಲಿಂಗಯ್ಯನ ಸೊಂಟ ಹಿಡಿದುಕೊಂಡಿತ್ತು. ಅಲ್ಲಿಂದ ಐ.ಡಿ.ಹಳ್ಳಿ ಕಡೆಗೆ ಹೊರಟಿದ್ದ ಕಡಲೆಕಾಯಿ ಗಾಡಿಯೊಂದು ಸಿಕ್ಕಿತು. ಗಾಡಿಯವನು ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. "ಸಿಲೋನಲ್ಲಿ ಆನೆಗಳು ಬೀದೀಲೇ ಓಡಾಡ್ತವಂತೆ, ದಿಟವಾ?" ಎಂದ. ಮಹಾಲಿಂಗಯ್ಯ ಹೂಂ ಎಂದ. ಆನೆಯ ಬದಲು ಒಂಟೆ ಎಂದಿದ್ದರೂ ಹೂಂ ಎನ್ನುತ್ತಿದ್ದ, ಅಷ್ಟು ಸುಸ್ತಾಗಿತ್ತು. ಅವನಿಗೆ ಬೇಕಾಗಿದ್ದದ್ದು ತನ್ನ ಮನೆಯ ಜಗಲಿ, ಹೆಂಡತಿ ಚನ್ನಮಲ್ಲಮ್ಮನ ಮುಖ, ಇಷ್ಟೇ. ಆದರೆ ಗಾಡಿ ಅವನನ್ನು ಮನೆ ಬಾಗಿಲಿಗೆ ಬಿಡುವಂತಿರಲಿಲ್ಲ. ಮಲ್ಲಯ್ಯನಪಾಳ್ಯದ ಕೆರೆ ಏರಿಯ ಈಚೆಗೇ, ಹಳೆಯ ಕಲ್ಲುಮಂಟಪದ ಮುಂದೆ ಇಳಿಸಿ ಹೋಯಿತು.

ಅದು ಆ ಊರಿನ ಕಟ್ಟು. ಸಮುದ್ರ ದಾಟಿ ಬಂದ ಲಿಂಗವಂತ ನೆಟ್ಟಗೆ ಮನೆಗೆ ಹೋಗಕೂಡದು. ಹಡಗಿನಲ್ಲಿ ಯಾರು ಮುಟ್ಟಿದ ನೀರು ಕುಡಿದನೋ, ಯಾರ ಪಕ್ಕ ಕೂತು ಉಂಡನೋ ಯಾರಿಗೆ ಗೊತ್ತು? ಮಠದ ಸ್ವಾಮಿಗಳು ಬಂದು, ವಿಭೂತಿ ಹಚ್ಚಿ, ತೀರ್ಥ ಕೊಟ್ಟು ಶುದ್ಧ ಮಾಡುವವರೆಗೂ ಅವನು ಮಂಟಪದಲ್ಲೇ ಇರಬೇಕು. ಮನೆಯವರು ಬುತ್ತಿ ತಂದು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯಬೇಕು. ಮಾತಾಡಬಹುದು, ಮುಟ್ಟುವ ಹಾಗಿಲ್ಲ. ಇದು ಯಾವ ಶಾಸ್ತ್ರದಲ್ಲಿದೆ ಎಂದರೆ, ಅಜ್ಜಂದಿರ ಕಾಲದಿಂದ ಬಂದದ್ದು ಎನ್ನುತ್ತಾರೆ. ಆ ಅಜ್ಜಂದಿರೋ, ಸಿರಾ ಸಂತೆಯಿಂದಾಚೆಗೆ ಕಾಲಿಟ್ಟವರಲ್ಲ. ಕೆರೆಯಷ್ಟೇ ನೀರು ನೋಡಿದವರಿಗೆ ಸಮುದ್ರದ ಕಟ್ಟು ಯಾಕೆ ಬೇಕಾಯಿತೋ ಆ ಶಿವನೇ ಬಲ್ಲ.

ಮಹಾಲಿಂಗಯ್ಯ ಸಿರಾದ ಕಂಬಳಿ ಸಾಹುಕಾರರೊಬ್ಬರ ಕಡೆಯ ಮನುಷ್ಯ. ನಮ್ಮ ಸೀಮೆಯ ಕುರುಬರು ನೇಯುವ ಕರಿಕಂಬಳಿ ಇದೆಯಲ್ಲ, ಮೈಗೆ ಚುಚ್ಚುತ್ತದೆ, ಆದರೆ ಎಂಥ ಮಳೆಗೂ ಜಗ್ಗುವುದಿಲ್ಲ. ಸಿಲೋನಿನ ಬೆಟ್ಟದ ಮೇಲೆ ಟೀ ತೋಟಗಳಲ್ಲಿ ಎಲೆ ಕೀಳುವ ಕೂಲಿಗಳಿಗೆ ಅದು ಬೇಕೇ ಬೇಕು. ಮೂಟೆಗಳ ಜೊತೆ ಹೋಗಿ, ತೋಟದ ದೊರೆಗಳ ಗುಮಾಸ್ತರ ಮುಂದೆ ಕಂಬಳಿ ಬಿಡಿಸಿ, ಅದರ ಮೇಲೆ ನೀರು ಸುರಿದು ತೋರಿಸಿ ಮಾರಿ ಬರುವುದು ಅವನ ಕೆಲಸ. ಸಿಲೋನಿಗೆ ಎಷ್ಟೋ ಸಲ ಹೋಗಿದ್ದ, ರಂಗೂನು ಪಿನಾಂಗುಗಳನ್ನೂ ನೋಡಿದ್ದ, ಒಂದು ಸಲ ಆಫ್ರಿಕಾದ ಮೊಂಬಾಸಾಕ್ಕೂ ಹೋಗಿ ಜ್ವರ ಹಿಡಿಸಿಕೊಂಡು ಬಂದಿದ್ದ. ಜನ ಅವನನ್ನು ಕಂಬಳಿ ಮಹಾಲಿಂಗಯ್ಯ ಎಂದೇ ಕರೆಯುತ್ತಿದ್ದರು.

ಪ್ರತಿ ಸಲ ಅವನು ಬಂದ ಸುದ್ದಿ ತಿಳಿದ ಕೂಡಲೇ ಚನ್ನಮಲ್ಲಮ್ಮ ಏರಿ ದಾಟಿ ಬಂದು ಮಂಟಪದ ಎದುರಿನ ಹೊಂಗೆಮರದ ಕೆಳಗೆ ಕೂರುತ್ತಿದ್ದಳು. ಈ ಸಲ ಬುತ್ತಿ ತಂದವಳು ಅವಳ ತಂಗಿ ದಾಕ್ಷಾಯಣಮ್ಮ.

"ಅವಳೆಲ್ಲಿ?" ಎಂದ ಮಹಾಲಿಂಗಯ್ಯ.

ದಾಕ್ಷಾಯಣಮ್ಮ ಬುತ್ತಿ ಇಟ್ಟು, ಹಿಂದೆ ಸರಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಕ್ಕ ಯುಗಾದಿಯಿಂದ ಹಾಸಿಗೆ ಹಿಡಿದವ್ಳೆ, ಭಾವ. ಕಾಲು ಊದೈತೆ, ಉಸಿರು ಸಿಗಕಿಲ್ಲ. ಮಧುಗಿರಿ ಡಾಕ್ಟ್ರು ಬಂದು ನೋಡುದ್ರು. ಔಷಧಿ ಕೊಟ್ಟು, ಬೇಕಾದೋರ್ನೆಲ್ಲ ಕರೆಸ್ಕಳಿ ಅಂದ್ಬುಟ್ರು."

ಮಹಾಲಿಂಗಯ್ಯ ಬುತ್ತಿ ಬಿಚ್ಚಲಿಲ್ಲ. ಮಂಟಪದಿಂದ ನೋಡಿದರೆ ಏರಿಯ ಆಚೆ ಅವನ ಮನೆಯ ಹೆಂಚು ಕಾಣುತ್ತಿತ್ತು. ಸಿಲೋನಿನ ಕೊಲಂಬೊದಿಂದ ಇಲ್ಲಿಯವರೆಗೆ ರೈಲು, ಹಡಗು, ಬಸ್ಸು, ಗಾಡಿ ಎಲ್ಲವೂ ಅವನನ್ನು ಹೊತ್ತು ತಂದು, ಮನೆ ಕಾಣುವ ಜಾಗದಲ್ಲಿ ಕೈಬಿಟ್ಟಿದ್ದವು. ಸ್ವಾಮಿಗಳು ಯಾವಾಗ ಬರುತ್ತಾರೆ ಎಂದು ಕೇಳಿದ. ಅವರು ಪಾವಗಡದ ಕಡೆ ಸವಾರಿ ಹೋಗಿದ್ದಾರೆ, ಹೇಳಿಕಳಿಸಿದೆ ಎಂದಳು ದಾಕ್ಷಾಯಣಮ್ಮ.

ಸಂಜೆಯ ಹೊತ್ತಿಗೆ ಊರ ಜನ ಬಂದರು. ಬರದೆ ಇರುತ್ತಾರೆಯೇ? ಮಹಾಲಿಂಗಯ್ಯ ಮಂಟಪದಲ್ಲಿ ಕೂತನೆಂದರೆ ಊರಿಗೆ ಪುಕ್ಕಟೆ ನಾಟಕ. ಅವನ ಹೆಂಡತಿಗೆ ಹುಷಾರಿಲ್ಲ ಎಂದು ಎಲ್ಲರಿಗೂ ಗೊತ್ತು, ಒಂದೆರಡು ಸಲ ಲೊಚಗುಟ್ಟಿದರು. ಆಮೇಲೆ, "ಈ ಸಲ ಏನೇನ್ ನೋಡ್ದೆ, ಹೇಳು" ಎಂದು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಅವರಲ್ಲಿ ಸಂಜೀವಯ್ಯ ಎಂಬ ರೈತನೂ ಇದ್ದ. ಸಿಲೋನಿನ ತೋಟದಲ್ಲಿ ಮೇಸ್ತ್ರಿ ಕೆಲಸಕ್ಕೆ ಹೊರಟು ನಿಂತವನು. ಅವನಿಗೆ ಕಥೆ ಬೇಡ, ಬುದ್ಧಿಮಾತು ಬೇಕಾಗಿತ್ತು.

ಮಹಾಲಿಂಗಯ್ಯನಿಗೆ ನಾಲಿಗೆ ತಿರುಗಿಸಲೂ ಬೇಸರ. ಆದರೂ ಹೇಳಿದ. ಗಾಣದೆತ್ತು ಸುತ್ತಿದ ಹಾಗೆ ಮಾತು ತಾನಾಗಿ ಹೊರಟಿತು.

"ಹುರಿಹಿಟ್ಟು ಕಟ್ಕೊಂಡೋಗು. ಅವಲಕ್ಕಿ ಬ್ಯಾಡ, ಸಮುದ್ರದ ಗಾಳಿಗೆ ಮೆತ್ತಗಾಯ್ತದೆ. ಹಡಗಲ್ಲಿ ಹೊಗೆ ಕೊಳವೆ ಪಕ್ಕ ಬೆಚ್ಚಗಿರ್ತದೆ ಅಂತ ಮಲಗ್ಬ್ಯಾಡ, ಬೆಳಿಗ್ಗೆ ನಿನ್ನ ಹೆತ್ತವ್ವನೂ ಗುರುತು ಹಿಡಿಯಾಕಿಲ್ಲ, ಅಂಗೆ ಮಸಿ ಹಿಡಿದಿರ್ತದೆ. ಹೊಟ್ಟೆ ತೊಳಸ್ತಾ ಬಂದ್ರೆ ನೀರು ನೋಡ್ಬ್ಯಾಡ, ದೂರದ ಅಂಚು ನೋಡು. ಬಾಯಿಗೆ ಹುಣಸೆಹಣ್ಣು ಉಪ್ಪು ಹಾಕ್ಕೋ."

"ಹಡಗು ಹತ್ತೋಕೆ ಮುಂಚೆ ಮಂಡಪಂ ಕ್ಯಾಂಪಲ್ಲಿ ಹಿಡಿದು ಕೂರುಸ್ತಾರಂತಲ್ಲಣ್ಣ?" ಎಂದ ಸಂಜೀವಯ್ಯ.

"ಕೂರುಸ್ತಾರೆ. ಕಾಯಿಲೆ ಗೀಯಿಲೆ ಐತಾ ಅಂತ ನೋಡಿ ಬುಡ್ತಾರೆ. ಅವರು ಹೋಗೋವಾಗ ಕೂರುಸ್ತಾರೆ, ನಮ್ಮೋರು ಬರೋವಾಗ ಕೂರುಸ್ತಾರೆ. ಅಲ್ಲಿ ಗಂಜಿನಾದ್ರೂ ಬಿಸಿ ಇರ್ತದೆ."

ಜನ ನಕ್ಕರು. ಮಹಾಲಿಂಗಯ್ಯ ನಗಲಿಲ್ಲ. ಅವನು ಮೊದಲ ಸಲ ಸಿಲೋನಿನಿಂದ ಬಂದಾಗಿನ ಉತ್ಸಾಹವೇ ಬೇರೆ. ಆಗ ಹೇಳಿ ಹೇಳಿ ಗಂಟಲು ಕಟ್ಟಿತ್ತು. ಶುದ್ಧವಾಗಿ ಮನೆಗೆ ಹೋದ ದಿನ ಚನ್ನಮಲ್ಲಮ್ಮ ಕಾಲಿಗೆ ನೀರು ಕೊಟ್ಟು, ಊಟಕ್ಕಿಟ್ಟು, ಎದುರಿಗೆ ಕೂತು, "ಈಗ ನಂಗೆ ಹೇಳಿ" ಎಂದಿದ್ದಳು. ಅವನು ಆಕಳಿಸಿ, "ಎಲ್ಲಾ ಹೇಳಿ ಸಾಕಾಯ್ತು ಕಣೆ, ಊರೋರನ್ನ ಕೇಳು" ಎಂದು ಮಲಗಿಬಿಟ್ಟಿದ್ದ. ಮುಂದಿನ ಸಲವೂ ಹಾಗೇ ಆಯಿತು. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ರಂಗೂನಿನ ಚಿನ್ನದ ಗೋಪುರ ಅವಳಿಗೆ ನೀರು ಸೇದುವ ಹೆಂಗಸರಿಂದ ಗೊತ್ತಾಯಿತು, ಮೊಂಬಾಸಾದ ಜ್ವರ ಅಗಸಗಿತ್ತಿಯಿಂದ. ಗಂಡ ತಂದದ್ದೆಲ್ಲ ಊರು ಉಂಡು ಉಳಿದ ಮೇಲೆ ಅವಳ ಪಾಲಿಗೆ ಬಂತು. ಇದನ್ನು ನೆನೆದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು, ಎದುರಿಗೆ ಕೂತವರ ಮೇಲೆ ಇನ್ನೂ ಹೆಚ್ಚು ಬಂತು. "ಇವತ್ತಿಗೆ ಸಾಕು, ಎದ್ದೋಗಿ" ಎಂದ.

ಮಾರನೆಯ ದಿನ ಊರಿನ ಅಯ್ಯನವರು ರೇಣುಕಯ್ಯ ಬಂದರು. ಮದುವೆಗೂ ಸಾವಿಗೂ ಊರಿನ ಲಿಂಗವಂತರ ಮನೆಗೆ ಅವರೇ ಬರಬೇಕು. ಮೃದು ಮನುಷ್ಯ, ಕಟ್ಟನ್ನು ಮುರಿಯುವ ಧೈರ್ಯವಿಲ್ಲ, ಅಷ್ಟೇ. ಸ್ವಾಮಿಗಳು ಪಾವಗಡದಿಂದಾಚೆಗೆ ಭಕ್ತರು ಕರೆದರೆಂದು ಮುಂದಕ್ಕೆ ಹೋಗಿದ್ದಾರೆ, ಬರುವುದು ತಡವಾಗುತ್ತದೆ ಎಂಬ ಸುದ್ದಿಯನ್ನು ನೆಲ ನೋಡುತ್ತಾ ಹೇಳಿದರು.

"ಹಂಗಾರೆ ನಾನು ಮನೆಗೆ ಹೋಗ್ತೀನಿ. ಬಾಗಿಲಲ್ಲಿ ನಿಂತು ನೋಡಿ ಬತ್ತೀನಿ" ಎಂದ ಮಹಾಲಿಂಗಯ್ಯ.

ರೇಣುಕಯ್ಯ ಕಲ್ಲಿನ ಮೇಲೆ ಕೂತರು. "ಹೋಗು. ನಿನ್ನ ಕೈಕಾಲು ಕಟ್ಟಾಕೋರು ಯಾರೂ ಇಲ್ಲ. ಆದ್ರೆ ಕೇಳಪ್ಪ, ನೀನು ಇಂಗೇ ಆ ಮನೆ ಹೊಸ್ತಿಲು ತುಳಿದ್ರೆ ಸ್ವಾಮಿಗಳು ಬರೋಗಂಟ ನಾನು ಒಳಗೆ ಕಾಲಿಡಂಗಿಲ್ಲ. ಆಯಮ್ಮನ ಸ್ಥಿತಿ ನಾನು ನೋಡಿವ್ನಿ. ಯಾವ ಗಳಿಗೇಲಿ ಕರೆ ಬತ್ತದೋ ಗೊತ್ತಿಲ್ಲ. ಕೊನೇ ವಿಭೂತಿ, ತೀರ್ಥ, ಅದಿಲ್ದಂಗೆ ಕಳಿಸ್ತೀಯಾ ಅವಳನ್ನ?"

ಸಾಯುವವರ ಹಣೆಗೆ ಅಯ್ಯನವರು ವಿಭೂತಿ ಹಚ್ಚಿ, ಬಾಯಿಗೆ ಪಾದೋದಕ ಬಿಡದಿದ್ದರೆ ಆ ಸಾವು ಸಾವಲ್ಲ ಎಂದು ನಂಬಿದ ಹೆಂಗಸು ಚನ್ನಮಲ್ಲಮ್ಮ. ಲಿಂಗಪೂಜೆಯಿಲ್ಲದೆ ಒಂದು ತುತ್ತು ಬಾಯಿಗಿಟ್ಟವಳಲ್ಲ. ಹಿಂದೊಮ್ಮೆ ವಿಷಮಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದಾಗಲೂ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹುಡುಕುತ್ತಿತ್ತು. ತಾನು ಒಂದು ಸಲ ಅವಳ ಮುಖ ನೋಡುವ ಆಸೆಗೆ ಅವಳ ಕೈಯಿಂದ ಇದನ್ನು ಕಿತ್ತುಕೊಳ್ಳುವುದೇ?

"ಹೋಗಕಿಲ್ಲ ಬುಡಿ" ಎಂದ.

ರೇಣುಕಯ್ಯ ಹೋದ ಮೇಲೆ ದೊಡ್ಡರಂಗಪ್ಪ ಬಂದ. ಅವನು ಮಹಾಲಿಂಗಯ್ಯನ ಪಕ್ಕದ ಹೊಲದವನು, ಚಿಕ್ಕಂದಿನ ಗೆಳೆಯ. ಒಕ್ಕಲಿಗನಾದ್ದರಿಂದ ಅವನಿಗೆ ಈ ಕಟ್ಟು ಗಿಟ್ಟು ಇಲ್ಲ. ಬಂದವನೇ ಮಂಟಪದ ಒಳಕ್ಕೇ ಹತ್ತಿ ಪಕ್ಕದಲ್ಲಿ ಕೂತ.

"ಏನ್ ಮಾಲಿಂಗಣ್ಣ, ಏಳು ಸಮುದ್ರ ದಾಟಿದೋನು, ಒಂದು ಏರಿ ದಾಟಾಕಾಗಲ್ವಾ? ನಡಿ, ನಾನು ಬತ್ತೀನಿ."

"ಸಮುದ್ರ ದಾಟೋದು ಸುಲಭ ಕಣ್ಲಾ ರಂಗ. ಟಿಕೆಟ್ ತಗೊಂಡ್ರೆ ಅವರೇ ದಾಟುಸ್ತಾರೆ" ಎಂದ ಮಹಾಲಿಂಗಯ್ಯ. ಗೆಳೆಯನ ಮುಂದೆ ಮುಚ್ಚಿಟ್ಟುಕೊಳ್ಳಲಾಗಲಿಲ್ಲ, ಅತ್ತುಬಿಟ್ಟ. ದೊಡ್ಡರಂಗಪ್ಪ ಅವನ ಬೆನ್ನ ಮೇಲೆ ಕೈಯಿಟ್ಟ. ಆಮೇಲೆ, "ನಿನ್ನ ಮಾತೇನಾದ್ರೂ ಆಯಮ್ಮಂಗೆ ಹೇಳ್ಬೇಕಾ?" ಎಂದ.

"ನಾನು ಯಾಕೆ ಬರ್ಲಿಲ್ಲ ಅನ್ನೋದು ಹೇಳು. ಅಯ್ಯನೋರು ಅಂದಿದ್ದು ಅಂಗೇ ಹೇಳು. ಮರೆತೆ ಅಂದ್ಕೊಂಡಾಳು."

ದೊಡ್ಡರಂಗಪ್ಪ ಎದ್ದು ಹೋದ.

ಅದರ ಮಾರನೆಯ ಬೆಳಿಗ್ಗೆ ಮಹಾಲಿಂಗಯ್ಯ ಕೆರೆಯಲ್ಲಿ ಮಿಂದು ಪೂಜೆ ಮುಗಿಸಿ ಕಣ್ಣು ತೆರೆದಾಗ ಏರಿಯ ಮೇಲೆ ನಾಲ್ಕು ಜನ ಮಂಚವೊಂದನ್ನು ಹೊತ್ತು ಬರುತ್ತಿದ್ದರು. ಅವನು ಎದ್ದು ನಿಂತ. ಮುಂದೆ ಹೆಗಲು ಕೊಟ್ಟವನು ದೊಡ್ಡರಂಗಪ್ಪ. ಹಿಂದೆ ದಾಕ್ಷಾಯಣಮ್ಮ, ಅವಳ ಹಿಂದೆ ರೇಣುಕಯ್ಯ ಏದುಸಿರು ಬಿಡುತ್ತಾ, "ನಿಧಾನ, ನಿಧಾನ" ಎನ್ನುತ್ತಾ ಬರುತ್ತಿದ್ದರು. ಲಿಂಗವಂತರು ಸತ್ತವರನ್ನು ಕೂರಿಸಿ ತರುತ್ತಾರೆ, ಹೀಗೆ ಮಲಗಿಸಿ ತರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಮಂಟಪದಿಂದ ಇಳಿದ.

ಮಂಚವನ್ನು ಮಂಟಪದ ಮುಂದೆ ಇಳಿಸಿದರು. ಚನ್ನಮಲ್ಲಮ್ಮನ ಮುಖ ಬತ್ತಿಹೋಗಿತ್ತು. ಹಣೆ, ತೋಳು, ಕುತ್ತಿಗೆಗೆಲ್ಲ ಹಸಿ ವಿಭೂತಿ ಬಳಿದಿತ್ತು. ಮಹಾಲಿಂಗಯ್ಯ ದೂರದಲ್ಲೇ ನಿಂತ.

"ಬನ್ನಿ ಹತ್ರಕ್ಕೆ" ಎಂದಳು ಅವಳು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು. "ನಂದೆಲ್ಲ ಆಯ್ತು. ಬೆಳಿಗ್ಗೆನೇ ಅಯ್ಯನೋರ್ನ ಕರೆಸಿ, ಈಗ್ಲೇ ಹೋಗೋಳಂಗೆ ಎಲ್ಲಾ ಮಾಡಿಸ್ಕಂಡೆ. ವಿಭೂತಿ ಆಯ್ತು, ತೀರ್ಥ ಆಯ್ತು. ಇನ್ ಅದನ್ನ ಯಾರೂ ವಾಪಸ್ ತಗಳಾಕಾಗಕಿಲ್ಲ. ಬನ್ನಿ."

ಮಹಾಲಿಂಗಯ್ಯ ರೇಣುಕಯ್ಯನವರ ಕಡೆ ನೋಡಿದ.

"ನಂಗೇನ್ ಗೊತ್ತಿತ್ತಪ್ಪ? ಕೊನೇದು ಅಂತ ಹೇಳಿ ಮಾಡಿಸ್ಕಂಡ್ಳು. ಆದ್ ಮ್ಯಾಲೆ, ಮಂಚ ಎತ್ತಿ ಅಂತಾಳೆ" ಎಂದರು ಅಯ್ಯನವರು. ಅವರ ಕಣ್ಣಲ್ಲೂ ನೀರಿತ್ತು. "ಕೊಟ್ಟಿದ್ದು ಕೊಟ್ಟಾಯ್ತು. ಮಿಕ್ಕಿದ್ದು ಮಣ್ಣಿನ ಕೆಲಸ, ಅದಕ್ಕೆ ನಾನು ಬಂದೇ ಬತ್ತೀನಿ. ಸ್ವಾಮಿಗಳು ಕೇಳುದ್ರೆ ನನ್ನ ಹೆಸರು ಹೇಳು." ಹಾಗೆಂದು ಬೇರೆಯವರನ್ನೂ ಕರೆದುಕೊಂಡು ಕೆರೆಯ ಮೆಟ್ಟಿಲ ಕಡೆ ಹೋದರು. ಇಷ್ಟು ಧೈರ್ಯ ಅವರಲ್ಲಿ ಇದೆಯೆಂದು ಊರಿನಲ್ಲಿ ಯಾರೂ ನಂಬುವುದಿಲ್ಲ.

ಮಹಾಲಿಂಗಯ್ಯ ಮಂಚದ ಅಂಚಿಗೆ ಕೂತು ಹೆಂಡತಿಯ ಕೈ ಹಿಡಿದುಕೊಂಡ. ತಣ್ಣಗಿತ್ತು. ಏನಾದರೂ ಹೇಳಬೇಕಲ್ಲ ಎಂದು, "ಈ ಸಲ ನುವಾರ ಎಲಿಯ ಅಂತ ಒಂದೂರಿಗೆ ಹೋಗಿದ್ದೆ ಕಣೆ, ಅಲ್ಲಿ ಬೆಳಿಗ್ಗೆ ಹೊತ್ತು ಮೋಡ ಮನೆ ಒಳಕ್ಕೇ..." ಎಂದು ಶುರು ಮಾಡಿದ. ಹೇಳುತ್ತಿದ್ದ ಹಾಗೆ ಅವನ ಕಿವಿಗೇ ಅದು ಸಂತೆಯ ಕೂಗಿನಂತೆ ಕೇಳಿಸಿತು. ಅವಳು ಅವನ ಕೈ ಒತ್ತಿದಳು.

"ಮೋಡ, ಆನೆ, ಹಡಗು, ಎಲ್ಲಾ ನಂಗೆ ಗೊತ್ತೈತೆ. ಊರೋರು ಹೇಳವ್ರೆ. ಅವರ್ಯಾರೂ ಕೇಳ್ದೆ ಇರೋದು ಒಂದೈತೆ, ಅದು ಹೇಳಿ. ಅಷ್ಟು ದೂರ ಹೋಗ್ತಿದ್ರಲ್ಲ, ಅಲ್ಲಿ ನಿಮಗೆ ನಿದ್ದೆ ಬತ್ತಿತ್ತಾ?"

ಅವನು ಅವಳ ಮುಖ ನೋಡಿದ. ಇಷ್ಟು ವರ್ಷ, ಇಷ್ಟು ಜನ, ಇಂಥ ಪ್ರಶ್ನೆ ಯಾರೂ ಹಾಕಿರಲಿಲ್ಲ. ಸುಳ್ಳು ಹೇಳುವಷ್ಟು ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

"ಇಲ್ಲ ಕಣೆ. ಯಾವೂರಲ್ಲೂ ಬತ್ತಿರ್ಲಿಲ್ಲ. ಬೆಳಕರಿಯೋದನ್ನೇ ಕಾಯ್ಕೊಂಡು ಬಿದ್ದಿರ್ತಿದ್ದೆ."

ಚನ್ನಮಲ್ಲಮ್ಮ ಅವನ ಕೈಯನ್ನು ತನ್ನೆದೆಯ ಮೇಲಕ್ಕೆ ಎಳೆದುಕೊಂಡಳು. "ನಾನು ನೀವಲ್ಲಿ ಸುಖವಾಗಿರ್ತೀರಿ ಅಂದ್ಕಂಡಿದ್ದೆ" ಎಂದಳು. "ಅದಕ್ಕೇ ನನ್ನೂ ಕರಕೊಂಡೋಗಿ ಅಂತ ಯಾವತ್ತೂ ಕೇಳ್ಲಿಲ್ಲ."

"ಕೇಳ್ಬೇಕಾಗಿತ್ತು ಕಣೆ."

"ನೀವು ಕರೀಬೇಕಾಗಿತ್ತು" ಎಂದಳು ಚನ್ನಮಲ್ಲಮ್ಮ.