ಕನ್ನಡಿಯೊಳಗೆ ತಿರುಗಿದ ಮುಖಗಳು

ಬೆನ್ನುಗಳು, ಬೋಳು ತಲೆಗಳು, ಟೋಪಿಗಳ ರಿಬ್ಬನ್ನು, ಬರೀ ಬೆನ್ನುಗಳು — ಚರ್ಚಿನ ಹಿಂಬದಿಯ ಅಟ್ಟದಲ್ಲಿ, ಆರ್ಗನ್ನಿನ ಮೇಲೆ ನೇತುಹಾಕಿದ ಈ ಅಂಗೈಯಗಲದ ಕನ್ನಡಿಯಲ್ಲೇ ಥೇಡಿಯಸ್ ವೀಲಾಕ್, ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ಯುದ್ಧ ಮುಗಿದಾಗಿನಿಂದ, ಈ ಮೆಸಾಚುಸೆಟ್ಸ್ ಊರನ್ನು ನೋಡಿದ್ದಾನೆ, ಹಿಂದಿನಿಂದ, ಪ್ರಾರ್ಥನೆಗೆ ಬಗ್ಗಿದ ಕುತ್ತಿಗೆಗಳನ್ನು, ಹಾಡಿನ ಹೊತ್ತಿಗೆ ಮಾತ್ರ ಎಲ್ಲರೂ ಎದ್ದು ಅಟ್ಟದ ಕಡೆ ತಿರುಗುತ್ತಾರೆ, ಹಾಗಾಗಿ ಮುಖ ಕಂಡರೆ ನುಡಿಸು, ಬೆನ್ನು ಕಂಡರೆ ಸುಮ್ಮನಿರು, ಕಿವಿ ಕೈಕೊಟ್ಟ ಮೇಲೆ ಅದೇ ಅವನ ಆಸರೆ, ಶಿಷ್ಯೆ ಆರ್ಫಾ ಒಬ್ಬಳಿಗೇ ಗೊತ್ತು, ಮೇಷ್ಟ್ರೇ, ಅಷ್ಟು ತಪ್ಪು ನುಡಿಸಿದೆ, ಬಯ್ಯಲೇ ಇಲ್ವಲ್ಲ ಎಂದವಳು ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು, ಯಾರಿಗೂ ಹೇಳ್ಬೇಡ ಕಣಮ್ಮಾ, ಈ ಬೆಂಚು ಹೋದ್ರೆ ನಾನು ಸತ್ತ ಹಾಗೇ — ಚರ್ಚಿನ ಹಿರಿಯ, ಡೀಕನ್ ಲಾಥ್ರಪ್ಪನ ಮೀಸೆ ಕುಣಿಯಿತು, ತುಟಿ ನೋಡಿಯೇ ಓದಿಕೊಂಡ, ಏನ್ ಮೇಷ್ಟ್ರೇ, ನಿಮ್ಮ ಪೆಟ್ಟಿಗೆ ಈಚೆಗೆ ಗೂಳಿ ಥರ ಗುಟುರು ಹಾಕತ್ತೆ, ಮೇವು ಸ್ವಲ್ಪ ಕಮ್ಮಿ ಮಾಡಿ, ನಕ್ಕಿದ್ದ ಅವನೂ, ಏನು ಮಾಡಲಿ, ಕೆಳಗಿನ ಸ್ವರಗಳು ಇನ್ನೂ ಬೆಂಚಿನಿಂದ ತೊಡೆಗೆ ಹತ್ತುತ್ತವೆ, ಮೇಲಿನವೇ ಮೊದಲು ಹೋದವು, ಆರ್ಗನ್ನಿನಲ್ಲಿ ಸ್ವರಕ್ಕೊಂದು ಕೊಳವೆ, ಕಿರುಬೆರಳಷ್ಟಿರುವ ಆ ಕೊನೆಯ ಕೊಳವೆ — ಮಗಳು ಫಿಲೀನಾ, ಶ್ರುತಿ ಮಾಡುವಾಗ ಅದು ಕೂಗಿದರೆ ಎರಡೂ ಕಿವಿಗೆ ಬೆರಳು ತುರುಕಿಕೊಂಡು, ಅಪ್ಪಾ ನಿಲ್ಸು, ಸೂಜಿ ಚುಚ್ಚತ್ತೆ, ಆಮೇಲೆ ತಾನೇ ನಕ್ಕು, ಇನ್ನೊಂದ್ಸಲ ಅಪ್ಪಾ — ಗಂಟಲುಬೇನೆ ಬಂದ ಆ ಮಾರ್ಚಿನಲ್ಲಿ ಅವಳ ದನಿ ಮೊದಲು ಹೋಯಿತು, ಆಮೇಲೆ ಅವಳು, ಈಗ ನೆನಪಿನಲ್ಲೂ ತುಟಿ ಮಾತ್ರ ಅಲ್ಲಾಡುತ್ತದೆ, ಪಾದ್ರಿಯ ಪ್ರಾರ್ಥನೆ ಇವತ್ತು ಮುಗಿಯುವಂತಿಲ್ಲ, ಹೊರಗೆ ಕರಗಿದ ಹಿಮ, ಒಳಗೆಲ್ಲ ತೇವ, ಆರ್ಗನ್ನಿನ ಮರ ಉಬ್ಬಿ ಕೊಳವೆಯ ಮುಚ್ಚಳ ಸಿಕ್ಕಿಕೊಳ್ಳುವ ಹವೆ, ಅರೆ, ಒಂದು ಮುಖ ತಿರುಗಿತು, ಇನ್ನೊಂದು, ಸಾಲಿಗೆ ಸಾಲೇ, ಅಯ್ಯೋ ಹಾಡು, ತಡವಾಯಿತು, ಎರಡೂ ಕೈ ಬೀಳುತ್ತವೆ, ತೊಡೆಗೆ ಗುಡುಗು ಹತ್ತುತ್ತದೆ — ಯಾರೂ ಎದ್ದಿಲ್ಲವಲ್ಲ, ಯಾರ ಬಾಯಿಯೂ ತೆರೆದಿಲ್ಲ, ಪಾದ್ರಿಯ ಕೈ ಇನ್ನೂ ಮೇಲೆಯೇ ಇದೆ, ಆರ್ಫಾ ಓಡಿಬಂದು ಅವನ ಮಣಿಕಟ್ಟು ಹಿಡಿದೆತ್ತುತ್ತಾಳೆ, ತುಟಿಯನ್ನು ನಿಧಾನ ಅಲ್ಲಾಡಿಸುತ್ತಾಳೆ, ಮೇಷ್ಟ್ರೇ, ಆ ಚಿಕ್ಕ ಕೊಳವೆ, ಆಗ್ಲಿಂದ ತಾನಾಗೇ ಕೂಗ್ತಿದೆ, ಅದಕ್ಕೇ ತಿರುಗಿದ್ದು, ಪ್ರಾರ್ಥನೆ ಮುಗ್ದಿಲ್ಲ — ಕೂಗುತ್ತಿದೆಯೇ, ಈಗಲೂ, ಎಂಥ ನಿಶ್ಶಬ್ದ, ಹೊಸ ಹಿಮದಂಥ ನಿಶ್ಶಬ್ದ, ಲಾಥ್ರಪ್ ನಗುತ್ತಿಲ್ಲ, ಟೋಪಿ ಎದೆಗೊತ್ತಿಕೊಂಡಿದ್ದಾನೆ, ಸಾವಿನ ಮನೆಗೆ ಬಂದವನ ಹಾಗೆ, ನಗಬಾರದೇ ಒಮ್ಮೆ, ಎಲ್ಲ ಮುಖಗಳೂ ಈಗ ಅವನ ಗುಟ್ಟು ಬಲ್ಲವು, ಮುಂದಿನ ಸಾಲಿನಲ್ಲಿ ಯಾರದೋ ಪುಟ್ಟ ಹುಡುಗಿ, ಎರಡೂ ಕಿವಿಗೆ ಬೆರಳು, ತುಟಿ ಅಲ್ಲಾಡುತ್ತಿದೆ, ನಿಲ್ಸು ಅಪ್ಪಾ, ಎರಡೂ ಕಿವಿಗೆ ಬೆರಳು —