ಅಮೀನಸಾಬರು ಮೆಚ್ಚಿದ ಹಳದಿ

ಇದು ಖರೇ ಕತಿ. ನಾನು ಬಣ್ಣ ಹಚ್ಚಿ ಹೇಳುತ್ತಿಲ್ಲ; ಬಣ್ಣ ತಾನೇ ಹತ್ತಿಕೊಂಡದ್ದು.

ಹುಬ್ಬಳ್ಳಿಯ ಅಮೀನಸಾಬರು ಪಟಗಾಗಳಿಗೆ, ಎಂದರೆ ತಲೆಗೆ ಸುತ್ತುವ ರುಮಾಲುಗಳಿಗೆ, ಬಣ್ಣ ಹಾಕುವವರು. ಮೂವತ್ತು ವರ್ಷದಿಂದ ಮೊಣಕೈತನಕ ಅರಿಷಿಣ. ಹೀಗಾಗಿ ಅವರ ಮೈಯೇ ಹಳದಿಯಾದಾಗ ಓಣಿಯಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಬಂದದ್ದು ಹೆಂಡತಿ ತಾಜಬಿಗೆ. ಆಕೆ ನೆರೆಮನೆಯ ನರ್ಸ್ ಅಂಬಾಬಾಯಿಯನ್ನು ಕರೆತಂದಳು.

"ಸಾಬರ, ಬಣ್ಣ ಮೈಗೆ ಹತ್ತತದ, ಕಣ್ಣಿಗೆ ಹತ್ತಂಗಿಲ್ಲ. ನಿಮ್ಮ ಕಣ್ಣ ಹಳದಿ ಆಗ್ಯಾವ. ಮೈ ತುರಕಿ ಅದ ಏನು?"

"ಐತ್ರಿ. ಅರಿಷಿಣದ್ದು."

"ಬಲಪಕ್ಕಡಿ ಎಲುಬಿನ ಕೆಳಗ ನೋವು? ಮಲ ಬೆಳ್ಳಗ?"

"ಬಾಯಾರ, ಅದನ್ನೆಲ್ಲಾ ಹೆಣ್ಮಕ್ಕಳ ಮುಂದ ಹ್ಯಾಂಗ ಹೇಳಲ್ರಿ?"

"ಹೇಳಬ್ಯಾಡ್ರಿ, ತಿಳೀತು. ನಿಮ್ಮ ಹಂಡೇದ ತೂಬು ಕಟ್ಟಿದ್ರ ಬಣ್ಣ ತೊಟ್ಟಿಗೆ ಬೀಳತದೇನು? ಉಕ್ಕಿ ಅಂಗಳಕ್ಕ ಹರೀತದ. ಪಿತ್ತ ಕರುಳಿಗೆ ಇಳಿಯೋ ನಾಳ ಕಟ್ಟಿದ್ರೂ ಹಂಗs, ಪಿತ್ತ ಉಕ್ಕಿ ರಕ್ತಕ್ಕ ಸೇರತದ. ಮಲ ಬೆಳ್ಳಗ, ಉಚ್ಚಿ, ಕಣ್ಣು ಹಳದಿ. ದವಾಖಾನಿಗೆ ನಡೀರಿ."

"ಬರಿ ಹಾಕಿಸಿಕೋತೇನಿ. ದವಾಖಾನ್ಯಾಗ ಹೊಟ್ಟಿ ಕತ್ತರಸಾಕ ನಾ ಏನು ಬಟ್ಟಿ ಅಂಗಡ್ಯಾಗಿನ ತಾನಿನ ಅರಿವಿ?"

"ಬರಿ ಹಾಕಿದ್ರ ತೊಗಲ ಸುಡತದ, ನಾಳ ತೆರಿಯಂಗಿಲ್ಲ. ತಡಾ ಆದ್ರ ಜ್ವರ ಏರಿ ಜೀವಕ್ಕ ಬರತದ."

ಅಮೀನಸಾಬರು ಅಂಬಾಬಾಯಿಯದೇ ದನಿ ತೆಗೆದು, "ಬರತದ, ಬರತದ" ಎಂದು ಅಣಕಿಸಿ ಮಲಗಿದರು.

ಮೂರನೆಯ ದಿನ ತಾಜಬಿ ಒಂದು ಹಳದಿ ಬಟ್ಟೆಯ ಪಟ್ಟಿ ತಂದಳು. "ಹೊಸ ಬಣ್ಣಗಾರ ಬಂದಾನ. ಅವನ ಕೆಲಸ ನೋಡ್ರಿ."

ಸಾಬರು ಅದನ್ನು ಬಿಸಿಲಿಗೆ ಹಿಡಿದರು. "ದಾಳಿಂಬರ ಸಿಪ್ಪಿ. ಎರಡು ಸಲ ಅದ್ಯಾನ. ಕೈ ಪಳಗೇತಿ. ಯಾರಂವ?"

"ನೀವs. ಮುಂಜಾನಿ ನಿಮ್ಮ ಉಚ್ಚಿ ಹಿಡದು ಅದ್ದೀನಿ. ಎರಡು ಸಲ ಅಲ್ಲ, ಒಂದs ಸಲ."

ಬಣ್ಣದ ವಿಷಯದಲ್ಲಿ ಎಂದೂ ಸೋಲದ ಸಾಬರು ಪಟ್ಟಿಯನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದರು. ಆಮೇಲೆ ಸಣ್ಣಗೆ, "ಟಾಂಗಾ ಕರಿ" ಎಂದರು.

ದೊಡ್ಡ ದವಾಖಾನೆಯಲ್ಲಿ ಪಿತ್ತನಾಳದಿಂದ ಅವರೆಕಾಳಿನಷ್ಟು ಕಲ್ಲು ತೆಗೆದರು. ಸಾಬರು ಉಳಿದರು. ಉಳಿಸಿದ್ದು ಡಾಕ್ಟರ ಕತ್ತರಿಯಷ್ಟೇ ತಾಜಬಿಯ ಜಾಣತನವೂ ಹೌದು.

ಓದುವವರೇ, ಕೇಳುವವರೇ, ಎಲ್ಲ ಕಾಮಣಿಯೂ, ಎಂದರೆ ಕಾಮಾಲೆಯೂ, ಕಲ್ಲಿನಿಂದ ಬರುವುದಲ್ಲ. ಯಾವುದೆಂದು ಡಾಕ್ಟರೇ ನೋಡಿ ಹೇಳಬೇಕು. ಕಣ್ಣು ಹಳದಿ, ಉಚ್ಚೆ ಗಾಢ, ಮಲ ಬಿಳಿ, ಮೈ ತುರಿಕೆ ಕಂಡರೆ ನಾಚಬೇಡಿ, ಬರೆ ಹಾಕಿಸಬೇಡಿ, ಅಂದೇ ದವಾಖಾನೆಗೆ ಹೋಗಿ. ಜೊತೆಗೆ ಚಳಿಜ್ವರ, ನೋವು ಇದ್ದರೆ ಒಂದು ತಾಸೂ ಕಾಯಬೇಡಿ.

ಆ ಪಟ್ಟಿ ಈಗಲೂ ಸಾಬರ ಅಂಗಡಿಯಲ್ಲಿ ತೂಗುತ್ತದೆ. ಮೊನ್ನೆ ಗಿರಾಕಿಯಾಗಿ ಬಂದ ಅಮ್ಮಿನಬಾವಿಯ ಯಮನಪ್ಪ ಅದನ್ನು ತೋರಿಸಿ, "ನನ್ನ ಪಟಗಾಕ್ಕ ಇದs ಬಣ್ಣ ಹಾಕ್ರಿ" ಎಂದ. ತಾಜಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಆ ಬಣ್ಣ ಮಾಡೂದು ಬಿಟ್ಟೇನ್ರಿ" ಎಂದ ಅಮೀನಸಾಬರು, ಹೊಟ್ಟೆಯ ಹೊಲಿಗೆಯನ್ನು ಎರಡೂ ಕೈಯಿಂದ ಹಿಡಿದು, ಎಲ್ಲರಿಗಿಂತ ಜೋರಾಗಿ ನಕ್ಕರು.